ಯಕೃತ್ತಿನ ಸಿರೋಸಿಸ್‌ನಲ್ಲಿ ರಕ್ತಸ್ರಾವ ತಡೆಗೆ ಬೀಟಾ-ಬ್ಲಾಕರ್‌ಗಳ ಬಳಕೆ

ಯಕೃತ್ತಿನ ಸಿರೋಸಿಸ್ ರೋಗವಿರುವವರಲ್ಲಿ ಅನ್ನನಾಳ ಮತ್ತು ಜಠರದ ಉಬ್ಬಿದ ಅಭಿಧಮನಿಗಳು ಒಡೆದು ಉಂಟಾಗುವ ಒಳ ರಕ್ತಸ್ರಾವವನ್ನು ತಡೆಯಲು ಬೀಟಾ-ಬ್ಲಾಕರ್ ವರ್ಗದ ಔಷಧಿಗಳನ್ನು ಬಳಸಲಾಗುತ್ತದೆ. ಪ್ರೊಪ್ರನೊಲಾಲ್, ನಾಡೊಲಾಲ್ ಮತ್ತು ಕಾರ್ವೆಡಿಲಾಲ್ ಈ ಉದ್ದೇಶಕ್ಕೆ ಬಳಕೆಯಲ್ಲಿರುವ ಮೂರು ಔಷಧಿಗಳು. ಮೂಲತಃ ಹೃದಯದ ಕಾಯಿಲೆಗಳಿಗಾಗಿ ರೂಪುಗೊಂಡ ಇವು ಯಕೃತ್ತನ್ನು ಗುಣಪಡಿಸುವುದಿಲ್ಲ. ಯಕೃತ್ತಿಗೆ ರಕ್ತ ತರುವ ನಾಳದಲ್ಲಿ ಏರಿರುವ ಒತ್ತಡವನ್ನು ಇಳಿಸುತ್ತವೆ. ಹೃದಯದ ತೊಂದರೆಯಿಲ್ಲದ ರೋಗಿಗೆ ಹೃದಯದ ಮಾತ್ರೆಯನ್ನೇಕೆ ಕೊಟ್ಟರು ಎಂಬ ಗೊಂದಲ ರೋಗಿಗಳಲ್ಲೂ ಅವರ ಮನೆಯವರಲ್ಲೂ ಸಾಮಾನ್ಯ. ಈ ಗೊಂದಲದಿಂದಲೇ ಮಾತ್ರೆಯನ್ನು ನಡುವೆ ನಿಲ್ಲಿಸುವುದು ಅಪಾಯಕ್ಕೆ ಎಡೆಮಾಡಿಕೊಡುತ್ತದೆ.

ರೋಗದ ಹಿನ್ನೆಲೆ

ಯಕೃತ್ತಿನ ಜೀವಕೋಶಗಳು ಬಹುಕಾಲ ಹಾನಿಗೊಳಗಾದಾಗ ಆ ಜಾಗದಲ್ಲಿ ನಾರಿನಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಮೃದುವಾಗಿದ್ದ ಅಂಗ ಗಂಟುಗಂಟಾಗಿ ಗಡುಸಾಗುವ ಈ ಸ್ಥಿತಿಯೇ ಸಿರೋಸಿಸ್. ಈ ಹೆಸರನ್ನು 1819ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ರೆನೆ ಲೆನೆಕ್. ಸ್ಟೆತಾಸ್ಕೋಪನ್ನು ಕಂಡುಹಿಡಿದವನೂ ಇವನೇ. ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಅಂದರೆ ಇದು ರೋಗದ ಕಾರಣವನ್ನಾಗಲಿ ಪರಿಣಾಮವನ್ನಾಗಲಿ ಹೇಳದೆ ಕೇವಲ ಬಣ್ಣವನ್ನು ಹೇಳುವ ಹೆಸರು.

ಅತಿಯಾದ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳ ಸೋಂಕು, ಮಧುಮೇಹ ಹಾಗೂ ಬೊಜ್ಜಿನೊಡನೆ ಬರುವ ಕೊಬ್ಬಿನ ಯಕೃತ್ತು ಇದರ ಮುಖ್ಯ ಕಾರಣಗಳು. ಕುಡಿಯದವರಿಗೆ ಈ ರೋಗ ಬರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಈ ನಂಬಿಕೆಯಿಂದಾಗಿ, ಎಂದೂ ಮದ್ಯ ಮುಟ್ಟದ ಮಧುಮೇಹಿ ಮಹಿಳೆಯರಲ್ಲಿ ರೋಗ ತಡವಾಗಿ ಪತ್ತೆಯಾಗುವುದಲ್ಲದೆ, ರೋಗಿ ಅನಗತ್ಯವಾದ ಅಪವಾದವನ್ನೂ ಹೊರಬೇಕಾಗುತ್ತದೆ.

ಪೋರ್ಟಲ್ ಒತ್ತಡ ಮತ್ತು ಉಬ್ಬಿದ ರಕ್ತನಾಳಗಳು

ಜಠರ, ಕರುಳು ಮತ್ತು ಗುಲ್ಮದಿಂದ ಹೊರಡುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಅದು ಪೋರ್ಟಲ್ ಅಭಿಧಮನಿಯಲ್ಲಿ ಕೂಡಿ ಮೊದಲು ಯಕೃತ್ತನ್ನು ಹೊಕ್ಕು, ಅಲ್ಲಿ ಸಂಸ್ಕರಣೆಗೊಂಡು ಮುಂದೆ ಸಾಗುತ್ತದೆ. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಈ ದಾರಿಯದು. ಯಕೃತ್ತು ಗಡುಸಾದಾಗ ಈ ಹರಿವಿಗೆ ಅಡ್ಡಿಯಾಗುತ್ತದೆ. ನಾಲೆಯ ಮುಂದಿನ ತೂಬು ಹೂಳಿನಿಂದ ಕಟ್ಟಿಕೊಂಡರೆ ಹಿಂದಿನ ನೀರು ಏರಿಯ ಮೇಲೇರಿ ಸಣ್ಣಪುಟ್ಟ ಕಾಲುವೆಗಳಿಗೆ ನುಗ್ಗುವಂತೆ, ರಕ್ತವೂ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಅನ್ನನಾಳದ ಕೆಳತುದಿಯ ಮತ್ತು ಜಠರದ ಮೇಲ್ಭಾಗದ ತೆಳು ಅಭಿಧಮನಿಗಳು ಅಂತಹ ದಾರಿಗಳು. ಇಷ್ಟು ರಕ್ತವನ್ನು ಹೊರಲು ರಚನೆಗೊಳ್ಳದ ಈ ನಾಳಗಳು ಹುರಿಹುರಿಯಾಗಿ ಉಬ್ಬುತ್ತವೆ. ವೈದ್ಯಕೀಯದಲ್ಲಿ ಇವುಗಳಿಗೆ ವ್ಯಾರಿಸಿಸ್ ಎಂದು ಹೆಸರು.

ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಸಿರೋಸಿಸ್‌ನಲ್ಲಿ ಮುಂದಿನ ತೂಬು ಕಟ್ಟಿಕೊಳ್ಳುವುದರ ಜೊತೆಗೆ ಹಿಂದಿನಿಂದ ಬರುವ ನೀರೂ ಹೆಚ್ಚುತ್ತದೆ. ಕರುಳಿಗೆ ರಕ್ತ ಒಯ್ಯುವ ಅಪಧಮನಿಗಳು ಹಿಗ್ಗುತ್ತವೆ, ಹೃದಯ ಹೆಚ್ಚು ರಕ್ತವನ್ನು ಹೊರದೂಡುತ್ತದೆ, ಆದ್ದರಿಂದ ಪೋರ್ಟಲ್ ಅಭಿಧಮನಿಗೆ ಬಂದು ಸೇರುವ ರಕ್ತದ ಪ್ರಮಾಣವೇ ಅಧಿಕವಾಗುತ್ತದೆ. ಬೀಟಾ-ಬ್ಲಾಕರ್‌ಗಳು ಕೆಲಸ ಮಾಡುವುದು ಮುಖ್ಯವಾಗಿ ಈ ಹಿಂದಿನ ಹರಿವಿನ ಮೇಲೆ.

ಪೋರ್ಟಲ್ ಒತ್ತಡವನ್ನು ಪರೋಕ್ಷವಾಗಿ, ಯಕೃತ್ತಿನ ಅಭಿಧಮನಿಯೊಳಗೆ ಕ್ಯಾಥೆಟರ್ ತೂರಿಸಿ ಅಳೆಯುತ್ತಾರೆ. ದೊರೆಯುವ ಒತ್ತಡ-ವ್ಯತ್ಯಾಸ ಆರೋಗ್ಯವಂತರಲ್ಲಿ 1ರಿಂದ 5 ಮಿ.ಮೀ. ಪಾದರಸದಷ್ಟಿರುತ್ತದೆ. ಅದು 10ನ್ನು ಮುಟ್ಟಿದರೆ ನಾಳಗಳು ಉಬ್ಬುವ ಮತ್ತು ಹೊಟ್ಟೆಯಲ್ಲಿ ನೀರು ತುಂಬುವ ಸಾಧ್ಯತೆ ಆರಂಭವಾಗುತ್ತದೆ. 12ನ್ನು ಮುಟ್ಟಿದರೆ ಉಬ್ಬಿದ ನಾಳ ಒಡೆಯುವ ಅಪಾಯವಿದೆ. ಚಿಕಿತ್ಸೆಯಿಂದ ಅದು 12ಕ್ಕಿಂತ ಕೆಳಗಿಳಿದರೆ ಅಥವಾ ಮೊದಲಿದ್ದುದಕ್ಕಿಂತ ಶೇಕಡಾ 20ರಷ್ಟು ತಗ್ಗಿದರೆ ರೋಗಿಗೆ ಸಾಕಷ್ಟು ರಕ್ಷಣೆ ದೊರೆತಂತೆ. ಈ ಪರೀಕ್ಷೆ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾದುದರಿಂದ, ರೂಢಿಯಲ್ಲಿ ಯಕೃತ್ತಿನ ಗಡಸುತನವನ್ನು ಅಳೆಯುವ ಎಲಾಸ್ಟೊಗ್ರಫಿ, ರಕ್ತದ ಪ್ಲೇಟ್‌ಲೆಟ್ ಎಣಿಕೆ ಮತ್ತು ಎಂಡೋಸ್ಕೋಪಿಯನ್ನು ಅವಲಂಬಿಸುತ್ತಾರೆ. ಗಡಸುತನ 20 ಕಿಲೋಪಾಸ್ಕಲ್‌ಗಿಂತ ಕಡಿಮೆಯಿದ್ದು ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ಎಂಡೋಸ್ಕೋಪಿಯನ್ನು ಸದ್ಯಕ್ಕೆ ಮುಂದೂಡಬಹುದು.

ಸಿರೋಸಿಸ್ ಪತ್ತೆಯಾಗುವ ವೇಳೆಗೇ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಉಬ್ಬಿದ ನಾಳಗಳಿರುತ್ತವೆ. ನಾಳ ಒಡೆದಾಗ ರೋಗಿ ರಕ್ತ ವಾಂತಿ ಮಾಡಬಹುದು, ಇಲ್ಲವೆ ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗಬಹುದು. ನೋವು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದಲೇ ಕಪ್ಪು ಮಲವನ್ನು ಉಷ್ಣವೆಂದೋ ಕಬ್ಬಿಣದ ಮಾತ್ರೆಯ ಪರಿಣಾಮವೆಂದೋ ಭಾವಿಸಿ ಕಾಲ ಕಳೆಯುವುದುಂಟು. ಇಂದಿನ ಉತ್ತಮ ಚಿಕಿತ್ಸೆಯಲ್ಲೂ ಒಂದು ಸಲದ ರಕ್ತಸ್ರಾವದ ನಂತರದ ಆರು ವಾರಗಳಲ್ಲಿ ಶೇಕಡಾ 15ರಿಂದ 20ರಷ್ಟು ರೋಗಿಗಳು ಸಾವನ್ನಪ್ಪುತ್ತಾರೆ.

ಔಷಧಿಗಳ ಕ್ರಿಯೆ

ಅಡ್ರಿನಲಿನ್ ವರ್ಗದ ರಾಸಾಯನಿಕಗಳು ದೇಹದಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತವೆ ಎಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಸೂಚಿಸಿದನು. ಅದನ್ನು ಆಧರಿಸಿ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲನ್ನು ರೂಪಿಸಿದನು. 1988ರ ನೊಬೆಲ್ ಪ್ರಶಸ್ತಿಯಲ್ಲಿ ಈ ಸಾಧನೆಗೂ ಪಾಲಿತ್ತು.

ಬೀಟಾ-1 ಗ್ರಾಹಕಗಳನ್ನು ತಡೆದಾಗ ಹೃದಯದ ಬಡಿತ ಮತ್ತು ಅದು ಹೊರದೂಡುವ ರಕ್ತ ಕಡಿಮೆಯಾಗುತ್ತದೆ. ಬೀಟಾ-2 ಗ್ರಾಹಕಗಳು ಕರುಳಿನ ಅಪಧಮನಿಗಳನ್ನು ಹಿಗ್ಗಿಸುವಂಥವು. ಅವನ್ನು ತಡೆದಾಗ ಆಲ್ಫಾ ಗ್ರಾಹಕಗಳ ಕೈ ಮೇಲಾಗಿ ನಾಳಗಳು ಕುಗ್ಗುತ್ತವೆ. ಎರಡೂ ಸೇರಿ ಪೋರ್ಟಲ್ ಅಭಿಧಮನಿಗೆ ಬರುವ ರಕ್ತವನ್ನು ತಗ್ಗಿಸುತ್ತವೆ. ಆದ್ದರಿಂದ ಎರಡೂ ಬಗೆಯ ಗ್ರಾಹಕಗಳನ್ನು ತಡೆಯುವ, ಆಯ್ಕೆರಹಿತ ಎನ್ನಲಾಗುವ ಬೀಟಾ-ಬ್ಲಾಕರ್‌ಗಳೇ ಇಲ್ಲಿ ಬೇಕು. ರಕ್ತದೊತ್ತಡಕ್ಕೆ ಬಹಳ ಜನ ಸೇವಿಸುವ ಅಟೆನೊಲಾಲ್ ಮತ್ತು ಮೆಟೊಪ್ರೊಲಾಲ್ ಮುಖ್ಯವಾಗಿ ಬೀಟಾ-1ನ್ನು ಮಾತ್ರ ತಡೆಯುವುದರಿಂದ ಅವು ಈ ಕೆಲಸಕ್ಕೆ ಬದಲಿಯಾಗಲಾರವು. ಹೆಸರಿನ ಕೊನೆಯಲ್ಲಿ ಒಂದೇ ಪ್ರಾಸವಿದೆಯೆಂದು ಒಂದರ ಬದಲು ಇನ್ನೊಂದನ್ನು ಕೊಳ್ಳಬಾರದು.

ಕಾರ್ವೆಡಿಲಾಲ್‌ಗೆ ಇನ್ನೊಂದು ಗುಣವಿದೆ. ಅದು ಆಲ್ಫಾ-1 ಗ್ರಾಹಕವನ್ನೂ ಅಷ್ಟಿಷ್ಟು ತಡೆದು, ಯಕೃತ್ತಿನ ಒಳಗಿನ ನಾಳಗಳನ್ನು ಸಡಿಲಿಸುತ್ತದೆ. ಹಿಂದಿನ ಹರಿವನ್ನು ತಗ್ಗಿಸುವುದರ ಜೊತೆಗೆ ಮುಂದಿನ ಅಡ್ಡಿಯನ್ನೂ ಸ್ವಲ್ಪ ಸರಿಸುವುದರಿಂದ ಪೋರ್ಟಲ್ ಒತ್ತಡವನ್ನು ಇಳಿಸುವುದರಲ್ಲಿ ಇದು ಪ್ರೊಪ್ರನೊಲಾಲ್‌ಗಿಂತ ಮೇಲು. ಅದೇ ಕಾರಣದಿಂದ ಸಾಮಾನ್ಯ ರಕ್ತದೊತ್ತಡವನ್ನೂ ಇದು ಹೆಚ್ಚು ಇಳಿಸುತ್ತದೆ.

ಸಂಶೋಧನೆಯ ಇತಿಹಾಸ

ಈ ಚಿಕಿತ್ಸೆಯ ಮೂಲ ಪ್ಯಾರಿಸ್ ಬಳಿಯ ಕ್ಲಿಷಿಯ ಬೋಜೋನ್ ಆಸ್ಪತ್ರೆ. ಪ್ರೊಪ್ರನೊಲಾಲ್ ಪೋರ್ಟಲ್ ಒತ್ತಡವನ್ನು ಇಳಿಸುತ್ತದೆಂದು ಅಲ್ಲಿನ ಡಿಡಿಯೆ ಲೆಬ್ರೆಕ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. 1981ರಲ್ಲಿ, ಆಗಲೇ ಒಮ್ಮೆ ರಕ್ತಸ್ರಾವವಾಗಿದ್ದ 74 ರೋಗಿಗಳ ಮೇಲಿನ ಅವರ ಪ್ರಯೋಗ ಪ್ರಕಟವಾಯಿತು. ನಾಡಿಬಡಿತ ಶೇಕಡಾ 25ರಷ್ಟು ಇಳಿಯುವವರೆಗೆ ಔಷಧಿಯ ಪ್ರಮಾಣ ಏರಿಸಲಾಗಿತ್ತು. ಒಂದು ವರ್ಷದ ನಂತರ ಔಷಧಿ ಪಡೆದವರಲ್ಲಿ ಶೇಕಡಾ 96 ಮಂದಿ ಮರು ರಕ್ತಸ್ರಾವವಿಲ್ಲದೆ ಇದ್ದರು. ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಶೇಕಡಾ 50 ಮಾತ್ರ.

ಇಷ್ಟು ಸ್ಪಷ್ಟವಾದ ಫಲಿತಾಂಶವನ್ನು ಎಲ್ಲರೂ ಒಪ್ಪಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಆಂಡ್ರೂ ಬರೋಸ್ ಮತ್ತು ಸಂಗಡಿಗರು 1983ರಲ್ಲಿ ನಡೆಸಿದ ಪ್ರಯೋಗದಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಲೆಬ್ರೆಕ್‌ನ ರೋಗಿಗಳ ಯಕೃತ್ತು ಹೋಲಿಕೆಯಲ್ಲಿ ಉತ್ತಮ ಸ್ಥಿತಿಯಲ್ಲಿತ್ತೆಂಬುದು ಈ ಭಿನ್ನತೆಗೆ ಕೊಡಲಾದ ಒಂದು ವಿವರಣೆ. ಎಂತಹ ರೋಗಿಗೆ, ರೋಗದ ಯಾವ ಹಂತದಲ್ಲಿ ಎಂಬ ಪ್ರಶ್ನೆ ಹೀಗೆ ಆರಂಭದಲ್ಲಿಯೇ ಹುಟ್ಟಿ ಇಂದಿಗೂ ಈ ವಿಷಯದ ಕೇಂದ್ರದಲ್ಲಿ ಉಳಿದಿದೆ.

ಎಂದೂ ರಕ್ತಸ್ರಾವವಾಗದವರಲ್ಲಿ ಮೊದಲ ರಕ್ತಸ್ರಾವವನ್ನೇ ತಡೆಯಬಹುದೆಂಬುದನ್ನು 1987ರಲ್ಲಿ ಫ್ರಾನ್ಸಿನ ಹಲವು ಆಸ್ಪತ್ರೆಗಳು ಸೇರಿ 230 ರೋಗಿಗಳ ಮೇಲೆ ನಡೆಸಿದ ಪ್ರಯೋಗ ತೋರಿಸಿತು. ಮುಂದೆ ಇಂತಹ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎರಡು ವರ್ಷಗಳ ಅವಧಿಯಲ್ಲಿ ರಕ್ತಸ್ರಾವವಾಗುವವರ ಪ್ರಮಾಣ ನೂರಕ್ಕೆ ಸುಮಾರು 25ರಿಂದ 15ಕ್ಕೆ ಇಳಿಯಿತು. ಈ ಅಂಕಿಯನ್ನು ಎರಡು ಬಗೆಯಾಗಿ ಓದಬೇಕು. ನೂರು ಜನ ಮಾತ್ರೆ ಸೇವಿಸಿದರೆ ಹತ್ತು ಜನ ರಕ್ತಸ್ರಾವದಿಂದ ಪಾರಾಗುತ್ತಾರೆ. ಹದಿನೈದು ಜನರಿಗೆ ಮಾತ್ರೆ ಸೇವಿಸಿದರೂ ರಕ್ತಸ್ರಾವವಾಗುತ್ತದೆ. ಮಾತ್ರೆ ನುಂಗುತ್ತಿದ್ದರೂ ರಕ್ತ ವಾಂತಿಯಾಯಿತೆಂದರೆ ಔಷಧಿ ನಿಷ್ಪ್ರಯೋಜಕವೆಂದಾಗಲಿ ವೈದ್ಯರು ತಪ್ಪಿದರೆಂದಾಗಲಿ ತೀರ್ಮಾನಿಸುವಂತಿಲ್ಲ.

ಉಬ್ಬಿದ ನಾಳಗಳು ಹುಟ್ಟುವುದನ್ನೇ ತಡೆಯಬಹುದೇ ಎಂದು 2005ರಲ್ಲಿ 213 ರೋಗಿಗಳಲ್ಲಿ ಟಿಮೊಲಾಲ್ ಬಳಸಿ ಪರೀಕ್ಷಿಸಲಾಯಿತು. ಫಲ ದೊರೆಯಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. 2009ರಲ್ಲಿ ಎಡಿನ್‌ಬರೋದ ವೈದ್ಯರು 152 ರೋಗಿಗಳಲ್ಲಿ ಕಾರ್ವೆಡಿಲಾಲನ್ನು ಎಂಡೋಸ್ಕೋಪಿ ಮೂಲಕ ನಾಳಗಳಿಗೆ ರಬ್ಬರ್ ಬಳೆ ತೊಡಿಸುವ ಬ್ಯಾಂಡಿಂಗ್ ವಿಧಾನದೊಡನೆ ಹೋಲಿಸಿದರು; ರಕ್ತಸ್ರಾವ ಕ್ರಮವಾಗಿ ಶೇಕಡಾ 10 ಮತ್ತು 23. ಸ್ಪೇನಿನ ವೈದ್ಯರು 2019ರಲ್ಲಿ ಪ್ರಕಟಿಸಿದ, 201 ರೋಗಿಗಳ ಪ್ರಯೋಗವು ದೃಷ್ಟಿಯನ್ನೇ ಬದಲಿಸಿತು. ಪೋರ್ಟಲ್ ಒತ್ತಡ 10ನ್ನು ದಾಟಿದ್ದು ಇನ್ನೂ ತೊಡಕುಗಳು ಕಾಣಿಸಿಕೊಳ್ಳದವರಲ್ಲಿ ಬೀಟಾ-ಬ್ಲಾಕರ್ ಪಡೆದ ಶೇಕಡಾ 16 ಮಂದಿಗೆ ಹಾಗೂ ಪಡೆಯದ ಶೇಕಡಾ 27 ಮಂದಿಗೆ ತೊಡಕು ಅಥವಾ ಸಾವು ಸಂಭವಿಸಿತು. ಈ ಲಾಭ ಹೆಚ್ಚಾಗಿ ಜಲೋದರ ಕಡಿಮೆಯಾದುದರಿಂದ ಬಂದಿತ್ತು. ರಕ್ತಸ್ರಾವ ತಡೆಯ ಮಾತ್ರೆ ಎಂದು ಆರಂಭವಾದದ್ದು ಹೀಗೆ ರೋಗ ಉಲ್ಬಣಿಸುವುದನ್ನು ಮುಂದೂಡುವ ಮಾತ್ರೆಯೂ ಆಯಿತು. ಇಟಲಿಯ ಬವೇನೊ ಎಂಬ ಊರಿನ ಹೆಸರಿನಲ್ಲಿ 1990ರಿಂದ ನಡೆದುಬಂದಿರುವ ತಜ್ಞರ ಸಮಾವೇಶವು 2021ರ ತನ್ನ ಏಳನೆಯ ಸಭೆಯಲ್ಲಿ, ಈ ಹಂತದ ರೋಗಿಗಳಿಗೆ ಕಾರ್ವೆಡಿಲಾಲನ್ನು ಮೊದಲ ಆಯ್ಕೆಯಾಗಿ ಸೂಚಿಸಿತು.

ಭಾರತದ ಕೊಡುಗೆ

ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ಶಿವಕುಮಾರ್ ಸರಿನ್ ಮತ್ತು ಸಂಗಡಿಗರು 1999ರಲ್ಲಿ, ದೊಡ್ಡ ಉಬ್ಬುನಾಳಗಳಿದ್ದ 89 ರೋಗಿಗಳಲ್ಲಿ ಪ್ರೊಪ್ರನೊಲಾಲ್ ಮತ್ತು ಬ್ಯಾಂಡಿಂಗ್ ಎರಡನ್ನೂ ಹೋಲಿಸಿದರು. ಹದಿನೆಂಟು ತಿಂಗಳಲ್ಲಿ ರಕ್ತಸ್ರಾವದ ಸಂಭವನೀಯತೆ ಔಷಧಿ ಪಡೆದವರಲ್ಲಿ ಶೇಕಡಾ 43, ಬ್ಯಾಂಡಿಂಗ್ ಆದವರಲ್ಲಿ ಶೇಕಡಾ 15 ಇತ್ತು. ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ. ನಂತರದ ಪ್ರಯೋಗಗಳನ್ನು ಸೇರಿಸಿ ನೋಡಿದಾಗಲೂ ಬದುಕುಳಿಯುವಿಕೆಯಲ್ಲಿ ಎರಡೂ ಸಮಾನವೆಂದೇ ಕಂಡುಬಂದಿದೆ. ಜಠರದ ಉಬ್ಬುನಾಳಗಳನ್ನು ವಿಂಗಡಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪದ್ಧತಿಯೂ ಸರಿನ್ ಅವರ ಹೆಸರಿನಲ್ಲಿದೆ.

ಬಳಕೆಯ ಕ್ರಮ

ಪ್ರೊಪ್ರನೊಲಾಲನ್ನು ಸಾಮಾನ್ಯವಾಗಿ 20ರಿಂದ 40 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಸಲ ಆರಂಭಿಸಿ, ವಿಶ್ರಾಂತಿಯಲ್ಲಿ ನಾಡಿಬಡಿತ ನಿಮಿಷಕ್ಕೆ 55ರಿಂದ 60ಕ್ಕೆ ಬರುವವರೆಗೆ ಕೆಲವು ದಿನಗಳಿಗೊಮ್ಮೆ ಏರಿಸುತ್ತಾರೆ. ಜಲೋದರವಿರುವವರಲ್ಲಿ ದಿನದ ಮೊತ್ತ 160 ಮಿ.ಗ್ರಾಂ. ದಾಟಬಾರದು. ಕಾರ್ವೆಡಿಲಾಲ್ ದಿನಕ್ಕೆ 6.25 ಮಿ.ಗ್ರಾಂ.ನಿಂದ ಆರಂಭವಾಗಿ 12.5 ಮಿ.ಗ್ರಾಂ.ಗೆ ನಿಲ್ಲುತ್ತದೆ, ಇದರಲ್ಲಿ ನಾಡಿಬಡಿತದ ಗುರಿ ಇಲ್ಲ. ಎರಡರಲ್ಲೂ ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿಳಿಯಬಾರದು. ಇವು ಪ್ರಕಟಿತ ಮಾರ್ಗಸೂಚಿಗಳ ಅಂಕಿಗಳು. ಒಬ್ಬ ರೋಗಿಗೆ ಎಷ್ಟು ಎಂಬುದನ್ನು ಅವನನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು.

ಒಮ್ಮೆಯೂ ರಕ್ತಸ್ರಾವವಾಗದ, ದೊಡ್ಡ ಉಬ್ಬುನಾಳವಿರುವವರಿಗೆ ಔಷಧಿ ಅಥವಾ ಬ್ಯಾಂಡಿಂಗ್ ಎರಡರಲ್ಲೊಂದು ಸಾಕು. ರಕ್ತಸ್ರಾವವಾಗಿ ಚೇತರಿಸಿಕೊಂಡವರಿಗೆ ಎರಡೂ ಬೇಕು. ರಕ್ತಸ್ರಾವ ನಡೆಯುತ್ತಿರುವಾಗ ಮಾತ್ರ ಬೀಟಾ-ಬ್ಲಾಕರ್ ಕೊಡುವುದಿಲ್ಲ, ಏಕೆಂದರೆ ಆಗ ಕುಸಿಯುತ್ತಿರುವ ರಕ್ತದೊತ್ತಡವನ್ನು ಹೃದಯ ವೇಗವಾಗಿ ಬಡಿದು ಕಾಯ್ದುಕೊಳ್ಳುತ್ತಿರುತ್ತದೆ. ಆ ಸಮಯದ ಚಿಕಿತ್ಸೆ ಬೇರೆ: ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಚುಚ್ಚುಮದ್ದು, ಪ್ರತಿಜೀವಕ, ಮಿತವಾಗಿ ರಕ್ತಪೂರಣ ಮತ್ತು 12 ಗಂಟೆಗಳೊಳಗೆ ಎಂಡೋಸ್ಕೋಪಿ.

ಅಡ್ಡಪರಿಣಾಮಗಳು ಮತ್ತು ನಿಷೇಧ

ಆಯಾಸ, ತಲೆಸುತ್ತು, ಕೈಕಾಲು ತಣ್ಣಗಾಗುವುದು, ನಿದ್ರೆಯಲ್ಲಿ ಕೆಟ್ಟ ಕನಸು, ಪುರುಷರಲ್ಲಿ ಲೈಂಗಿಕ ದೌರ್ಬಲ್ಯ ಇವು ಸಾಮಾನ್ಯ ದೂರುಗಳು. ಕೊನೆಯದನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಸದ್ದಿಲ್ಲದೆ ಮಾತ್ರೆ ಬಿಡುವವರಿದ್ದಾರೆ. ಹೇಳಿದರೆ ಪ್ರಮಾಣ ಬದಲಿಸಲು ಅಥವಾ ಬ್ಯಾಂಡಿಂಗ್‌ಗೆ ಹೊರಳಲು ಅವಕಾಶವಿದೆ. ಆಸ್ತಮಾ ಇರುವವರಿಗೆ ಈ ಔಷಧಿಗಳನ್ನು ಕೊಡುವಂತಿಲ್ಲ, ಏಕೆಂದರೆ ಬೀಟಾ-2 ತಡೆಯಿಂದ ಶ್ವಾಸನಾಳಗಳು ಕುಗ್ಗುತ್ತವೆ. ಹೃದಯದ ವಿದ್ಯುತ್ ಪ್ರವಾಹದಲ್ಲಿ ತಡೆ ಇದ್ದು ಬಡಿತ ಮೊದಲೇ ನಿಧಾನವಾಗಿರುವವರಿಗೂ ಸಲ್ಲದು. ಇನ್ಸುಲಿನ್ ಪಡೆಯುವ ಮಧುಮೇಹಿಗಳಲ್ಲಿ ಸಕ್ಕರೆ ಇಳಿದಾಗ ಆಗುವ ಎದೆಬಡಿತ ಮತ್ತು ನಡುಕವನ್ನು ಇವು ಮರೆಮಾಚುತ್ತವೆ. ಬೆವರು ಮಾತ್ರ ಎಂದಿನಂತೆ ಬರುತ್ತದೆ.

ಹೆಚ್ಚು ಚರ್ಚೆಗೆ ಒಳಗಾದದ್ದು ಕೊನೆಯ ಹಂತದ ರೋಗಿಗಳ ವಿಷಯ. 2010ರಲ್ಲಿ, ಚಿಕಿತ್ಸೆಗೆ ಬಗ್ಗದ ಜಲೋದರವಿದ್ದ 151 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು ಬೀಟಾ-ಬ್ಲಾಕರ್ ಸೇವಿಸುತ್ತಿದ್ದವರೇ ಬೇಗ ಸಾಯುತ್ತಿದ್ದರೆಂದು ವರದಿ ಮಾಡಿತು. ಆ ಅಧ್ಯಯನ ಬಂದದ್ದು ಲೆಬ್ರೆಕ್ ಅವರ ಬೋಜೋನ್ ಆಸ್ಪತ್ರೆಯಿಂದಲೇ. ನಂತರದ ಅಧ್ಯಯನಗಳು ಅಷ್ಟು ಕಠಿಣವಾದ ತೀರ್ಮಾನಕ್ಕೆ ಬರಲಿಲ್ಲವಾದರೂ ಒಂದು ಎಚ್ಚರ ಉಳಿಯಿತು. ರೋಗ ಬಹಳ ಮುಂದುವರಿದಾಗ ಮೂತ್ರಪಿಂಡಗಳಿಗೆ ರಕ್ತ ತಲುಪುವುದು ಹೃದಯದ ಹೆಚ್ಚುವರಿ ದುಡಿಮೆಯಿಂದ. ಆ ದುಡಿಮೆಯನ್ನು ತಡೆದರೆ ಮೂತ್ರಪಿಂಡ ಸೋಲುತ್ತದೆ. ಹಾಗಾಗಿ ರಕ್ತದೊತ್ತಡ 90ಕ್ಕಿಂತ ಇಳಿದಾಗ ಅಥವಾ ಮೂತ್ರಪಿಂಡದ ಕಾರ್ಯ ಕುಂದಿದಾಗ ಪ್ರಮಾಣವನ್ನು ತಗ್ಗಿಸುತ್ತಾರೆ ಇಲ್ಲವೆ ನಿಲ್ಲಿಸುತ್ತಾರೆ. ಐದು ವರ್ಷ ರೋಗಿಯನ್ನು ಕಾಪಾಡಿದ ಮಾತ್ರೆಯನ್ನು ಆರನೆಯ ವರ್ಷದಲ್ಲಿ ವೈದ್ಯರೇ ನಿಲ್ಲಿಸುವ ಸಂದರ್ಭ ಬರಬಹುದು.

ಇದಕ್ಕೆ ವಿರುದ್ಧವಾದದ್ದು ರೋಗಿ ತಾನಾಗಿಯೇ ನಿಲ್ಲಿಸುವುದು. ಪ್ರೊಪ್ರನೊಲಾಲ್ ಬಿಟ್ಟವರಲ್ಲಿ ರಕ್ತಸ್ರಾವದ ಅಪಾಯ, ಎಂದೂ ಔಷಧಿ ಸೇವಿಸದವರ ಮಟ್ಟಕ್ಕೆ ಮರಳುತ್ತದೆಂದು 2001ರ ಒಂದು ಅಧ್ಯಯನ ತೋರಿಸಿದೆ. ಹಳೆಯ ಸೇವನೆಯಿಂದ ಯಾವ ಉಳಿತಾಯವೂ ಇರುವುದಿಲ್ಲ.

ಕರ್ನಾಟಕದ ಗ್ರಾಮೀಣ ಸನ್ನಿವೇಶ

ಬ್ಯಾಂಡಿಂಗ್ ಮತ್ತು ಔಷಧಿಯ ನಡುವಿನ ಆಯ್ಕೆ ನಗರದಲ್ಲಿ ವೈದ್ಯಕೀಯ ಪ್ರಶ್ನೆಯಾದರೆ ಹಳ್ಳಿಯಲ್ಲಿ ದಾರಿಯ ಪ್ರಶ್ನೆಯೂ ಹೌದು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿಯನ್ನು ಉದಾಹರಣೆಯಾಗಿ ನೋಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಂಡೋಸ್ಕೋಪಿ ಇರುವುದಿಲ್ಲ. ಅದಕ್ಕಾಗಿ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮಂಡ್ಯ ಮತ್ತು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಮೈಸೂರಿನ ಕೆ.ಆರ್. ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳತ್ತ ಹೋಗಬೇಕಾಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರಕರುಳು ರೋಗಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆಯಿದೆ. ಬ್ಯಾಂಡಿಂಗ್ ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ; ನಾಳಗಳು ಅಡಗುವವರೆಗೆ ಕೆಲವು ವಾರಗಳಿಗೊಮ್ಮೆ ಹೋಗಬೇಕು. ಕೂಲಿ ಕೆಲಸದ ರೋಗಿಗೂ ಜೊತೆಗೆ ಹೋಗುವವರಿಗೂ ಪ್ರತಿ ಭೇಟಿಯೆಂದರೆ ಒಂದೆರಡು ದಿನದ ದುಡಿಮೆಯ ನಷ್ಟ. ರಾತ್ರಿ ರಕ್ತ ವಾಂತಿಯಾದಾಗ 108 ಆಂಬುಲೆನ್ಸ್ ಬಂದರೂ ಎಂಡೋಸ್ಕೋಪಿ ಇರುವ ಆಸ್ಪತ್ರೆ ತಲುಪುವಷ್ಟರಲ್ಲಿ ಸಾಕಷ್ಟು ಹೊತ್ತು ಕಳೆದಿರುತ್ತದೆ. ಇಂತಹ ಊರುಗಳಲ್ಲಿ ನಿತ್ಯ ತೆಗೆದುಕೊಳ್ಳುವ ಅಗ್ಗದ ಮಾತ್ರೆಗೆ ಪಠ್ಯಪುಸ್ತಕ ಹೇಳುವುದಕ್ಕಿಂತ ಹೆಚ್ಚಿನ ಬೆಲೆಯಿದೆ.

ಪ್ರೊಪ್ರನೊಲಾಲ್ ಮತ್ತು ಕಾರ್ವೆಡಿಲಾಲ್ ಎರಡೂ ಪೇಟೆಂಟ್ ಮುಗಿದ ಔಷಧಿಗಳಾಗಿದ್ದು ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿವೆ. ನಾಡಿ ಎಣಿಸಲು ಗಡಿಯಾರವೊಂದು ಸಾಕು. ರಕ್ತದೊತ್ತಡವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಡಿಸಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಗೆ ನೆರವಾಗುತ್ತದೆ. ಅದೇ ವರ್ಷ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಔಷಧಿಗಳು ಉಚಿತ.

ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಪ್ಯಾಕೆಟ್ ಸಾರಾಯಿ ಹೋಯಿತು, ಬಾಟಲಿಯ ಮದ್ಯ ಉಳಿಯಿತು. ಮದ್ಯದಿಂದ ಸಿರೋಸಿಸ್ ಬಂದವರು ಕುಡಿತ ಮುಂದುವರಿಸಿದರೆ ಬೀಟಾ-ಬ್ಲಾಕರ್ ಕೊಡುವ ರಕ್ಷಣೆ ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ರೋಗಿಗಳು ತಿಳಿದಿರಬೇಕಾದ ಇನ್ನೆರಡು ಸಂಗತಿಗಳಿವೆ. ಕಬ್ಬು ಕಡಿಯುವ, ನಾಟಿ ಮಾಡುವ ದಿನಗಳಲ್ಲಿ ಮೈಕೈ ನೋವಿಗೆ ಹಾಕಿಸಿಕೊಳ್ಳುವ ಡೈಕ್ಲೊಫಿನಾಕ್ ಚುಚ್ಚುಮದ್ದು ಮತ್ತು ಐಬುಪ್ರೊಫೆನ್‌ನಂತಹ ಮಾತ್ರೆಗಳು ಸಿರೋಸಿಸ್‌ನಲ್ಲಿ ಮೂತ್ರಪಿಂಡವನ್ನು ಕೆಡಿಸುತ್ತವೆ, ರಕ್ತಸ್ರಾವಕ್ಕೂ ದಾರಿಮಾಡುತ್ತವೆ. ಜಲೋದರ ಬಂದವರು ಉಪ್ಪು ಮಿತಗೊಳಿಸಬೇಕು. ಮುದ್ದೆಯಿಂದ ತೊಂದರೆಯಿಲ್ಲ, ಅದರ ಜೊತೆಯ ಉಪ್ಪುಸಾರು ಮತ್ತು ಉಪ್ಪಿನಕಾಯಿಯಿಂದ ಇದೆ. ಬೇಳೆ, ಹಾಲು, ಮೊಟ್ಟೆಯನ್ನು ಪಥ್ಯದ ಹೆಸರಿನಲ್ಲಿ ಬಿಡಿಸುವ ರೂಢಿ ಸ್ನಾಯುಗಳನ್ನು ಕ್ಷೀಣಿಸುತ್ತದೆ.

ಚಿಕಿತ್ಸೆಯ ಅವಧಿ

ಸಾಮಾನ್ಯವಾಗಿ ಈ ಔಷಧಿಯನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಆದರೆ ರೋಗದ ಮೂಲಕಾರಣ ನಿವಾರಣೆಯಾದಾಗ, ಅಂದರೆ ಹೆಪಟೈಟಿಸ್ ಸಿ ಗುಣವಾದಾಗ ಅಥವಾ ಮದ್ಯವನ್ನು ದೀರ್ಘಕಾಲ ಪೂರ್ಣವಾಗಿ ಬಿಟ್ಟಾಗ, ಯಕೃತ್ತು ಕ್ರಮೇಣ ಮೃದುವಾಗುವುದುಂಟು. ಗಡಸುತನ 25 ಕಿಲೋಪಾಸ್ಕಲ್‌ಗಿಂತ ಕಡಿಮೆಯಾಗಿದ್ದು, ಮರು ಎಂಡೋಸ್ಕೋಪಿಯಲ್ಲಿ ಉಬ್ಬುನಾಳಗಳು ಕಾಣದಿದ್ದರೆ ಔಷಧಿಯನ್ನು ನಿಲ್ಲಿಸುವ ಬಗ್ಗೆ ವೈದ್ಯರು ಯೋಚಿಸಬಹುದೆಂದು ಬವೇನೊ ಮಾರ್ಗಸೂಚಿ ಹೇಳುತ್ತದೆ. ಯಕೃತ್ತಿನ ಕಸಿ ಯಶಸ್ವಿಯಾದವರಲ್ಲಿ ಪೋರ್ಟಲ್ ಒತ್ತಡ ಇಳಿಯುವುದರಿಂದ ಈ ಉದ್ದೇಶಕ್ಕೆ ಬೀಟಾ-ಬ್ಲಾಕರ್‌ಗಳ ಅಗತ್ಯ ಸಾಮಾನ್ಯವಾಗಿ ಉಳಿಯುವುದಿಲ್ಲ. ರಾಜ್ಯದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆ ನಿರ್ವಹಿಸುತ್ತದೆ.